ಗಲ್ಲ ಸ್ವಲ್ಪ ಕೆಳಗೆ

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಬಸುರಿಯ ಫೋಟೊ ಶೂಟ್ ಈಗ ಸೀಮಂತದಷ್ಟೇ ಖಾಯಂ ಆದ ಶಾಸ್ತ್ರ. ಏಳನೇ ತಿಂಗಳು ತುಂಬುತ್ತಿದ್ದಂತೆ ಫೋಟೊಗ್ರಾಫರ್‌ಗೆ ವಾಟ್ಸ್‌ಆ್ಯಪ್ ಹೋಗುತ್ತದೆ. ಅವರು ಒಂದು ಟ್ರಾಲಿ ಬ್ಯಾಗ್ ತುಂಬ ಗೌನ್ ತರುತ್ತಾರೆ, ಜೊತೆಗೊಬ್ಬ ಮೇಕಪ್ ಹುಡುಗಿ, ಒಬ್ಬ ಅಸಿಸ್ಟೆಂಟ್. ಅಸಿಸ್ಟೆಂಟ್‌ನ ಮುಖ್ಯ ಕೆಲಸ ಗೌನಿನ ಉದ್ದನೆಯ ಬಾಲವನ್ನು ಗಾಳಿಗೆ ಎಸೆದು ಚೌಕಟ್ಟಿನಿಂದ ಆಚೆ ಓಡುವುದು. ಬಟ್ಟೆ ಇನ್ನೂ ಗಾಳಿಯಲ್ಲಿರುವಾಗ ಕ್ಲಿಕ್. ನಾಲ್ಕೈದು ಸಲ ಓಡಿದ ಮೇಲೆ ಒಂದು ಸರಿಯಾಗಿ ಬರುತ್ತದೆ. ಹೇಗಿರಬೇಕೆಂದು ತಿಳಿಸಲು ಮನೆಯವರು ಮೊದಲೇ ಫೋನಿನಲ್ಲಿ ಹತ್ತಿಪ್ಪತ್ತು ಚಿತ್ರ ಕಳಿಸಿರುತ್ತಾರೆ. ಈ ದಂಧೆಯಲ್ಲಿ ಅದಕ್ಕೆ ‘ರೆಫರೆನ್ಸ್’ ಎನ್ನುತ್ತಾರೆ.

ಆ ರೆಫರೆನ್ಸ್‌ಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಬಹುತೇಕ ಒಂದೇ ಕಡೆ ಮುಟ್ಟುತ್ತೇವೆ. 1991ರ ಆಗಸ್ಟ್ ತಿಂಗಳ ‘ವ್ಯಾನಿಟಿ ಫೇರ್’ ಪತ್ರಿಕೆಯ ಮುಖಪುಟದಲ್ಲಿ ಆನಿ ಲೀಬೊವಿಟ್ಜ್ ತೆಗೆದ ನಟಿ ಡೆಮಿ ಮೂರ್ ಚಿತ್ರ. ಏಳು ತಿಂಗಳ ಬಸುರಿ, ಮೈಮೇಲೆ ಒಡವೆ ಬಿಟ್ಟರೆ ಬೇರೇನೂ ಇಲ್ಲ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಕೆಳಗೆ. ಅಮೆರಿಕದ ಕೆಲವು ಅಂಗಡಿಗಳು ಅದನ್ನು ಕಾಗದದಲ್ಲಿ ಸುತ್ತಿ ಮಾರಿದವು, ಕೆಲವು ಮಾರಲೇ ಇಲ್ಲ. ಅಷ್ಟು ಗಲಾಟೆ ಎಬ್ಬಿಸಿದ ಕೈಗಳ ಆ ಭಂಗಿ, ಗೌನು ತೊಟ್ಟು ಸಭ್ಯವಾಗಿ, ಈಗ ಇಲ್ಲಿನ ಎಇಸಿಎಸ್ ಲೇಔಟಿನ ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಅತ್ತೆ ಮಾವನ ಎದುರೇ ನಡೆಯುತ್ತದೆ.

ಅದೇ ಮನೆಯ ಅತ್ತೆಯ ಹಳೆಯ ಆಲ್ಬಮ್ ತೆರೆದರೆ, ಅವರು ಮೈಸೂರು ಕಡೆಯವರೋ ತುಮಕೂರಿನವರೋ ಆಗಿದ್ದರೆ, ಇನ್ನೊಂದು ಬಸುರಿಯ ಚಿತ್ರ ಸಿಗುವ ಸಾಧ್ಯತೆ ಹೆಚ್ಚು. ಜರಿ ಸೀರೆ, ಕೈತುಂಬ ಹಸಿರು ಬಳೆ, ಮೊಗ್ಗಿನ ಜಡೆ. ಹಿಂದೆ ನಿಲುವುಗನ್ನಡಿ. ಮುಖ ನಮ್ಮ ಕಡೆ, ಜಡೆ ಕನ್ನಡಿಯೊಳಗೆ. ಸೀಮಂತಕ್ಕೆ, ಹೆಣ್ಣುಮಕ್ಕಳು ದೊಡ್ಡವರಾದಾಗ, ಕೆಲವು ಮನೆಗಳಲ್ಲಿ ಬೇಸಿಗೆಯಲ್ಲಿ ಮಲ್ಲಿಗೆ ಅಗ್ಗವಾಯಿತೆಂಬ ಒಂದೇ ಕಾರಣಕ್ಕೂ ಪುಟ್ಟ ಹುಡುಗಿಯರಿಗೆ ಮೊಗ್ಗಿನ ಜಡೆ ಹೆಣೆಸಿ ಸ್ಟುಡಿಯೊಗೆ ಕರೆದುಕೊಂಡು ಹೋಗುತ್ತಿದ್ದರು. ಫ್ಯಾಷನ್ ಫೋಟೊಗ್ರಫಿ ನಮ್ಮಲ್ಲಿ ಯಾವಾಗ ಶುರುವಾಯಿತೆಂದು ಯಾರಾದರೂ ಕೇಳಿದರೆ ನಾನು ಈ ಚಿತ್ರವನ್ನೇ ತೋರಿಸುತ್ತೇನೆ. ತೊಟ್ಟ ಅಲಂಕಾರವನ್ನು ಎಲ್ಲ ಕಡೆಯಿಂದ ಕಾಣಿಸಬೇಕು, ತೊಟ್ಟವಳ ಮುಖವೂ ಕಾಣಬೇಕು. ಫ್ಯಾಷನ್ ಚಿತ್ರಕ್ಕೆ ಇದಕ್ಕಿಂತ ಬೇರೆ ಉದ್ದೇಶವೇನಿದೆ?

ಈ ಚಿತ್ರ ನೋಡಲು ಸಲೀಸು, ತೆಗೆಯಲು ಕಷ್ಟ. ಕನ್ನಡಿಯನ್ನು ನೇರ ಇಟ್ಟರೆ ಅದರಲ್ಲಿ ಮೊದಲು ಕಾಣುವುದು ಕ್ಯಾಮೆರಾ, ಅದರ ಹಿಂದೆ ಕರಿಬಟ್ಟೆ ಹೊದ್ದ ಫೋಟೊಗ್ರಾಫರ್. ಹಾಗಾಗಿ ಅದನ್ನು ಒಂದಿಷ್ಟು ಓರೆ ತಿರುಗಿಸಬೇಕು. ಆದರೆ ಅತಿಯಾದರೆ ಜಡೆ ತಪ್ಪಿ ಗೋಡೆ ಕಾಣುತ್ತದೆ. ಇನ್ನು ಫೋಕಸ್. ಹುಡುಗಿ ಕ್ಯಾಮೆರಾದಿಂದ ಆರು ಅಡಿ, ಕನ್ನಡಿ ಎಂಟು ಅಡಿ ದೂರ ಇದೆ ಎನ್ನಿ. ಕನ್ನಡಿಯೊಳಗಿನ ಜಡೆ ಲೆನ್ಸಿನ ಲೆಕ್ಕದಲ್ಲಿ ಎಂಟು ಅಡಿಯಲ್ಲಿಲ್ಲ, ಸುಮಾರು ಹತ್ತು ಅಡಿಯಲ್ಲಿದೆ. ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ಕೂತಿರುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದು ಇಲ್ಲಿ ಕೈ ಹಿಡಿದು ಕಾಡುತ್ತದೆ. ಆರು ಅಡಿಯ ಕಣ್ಣೂ ಹತ್ತು ಅಡಿಯ ಮೊಗ್ಗೂ ಎರಡೂ ಸ್ಪಷ್ಟ ಬರಬೇಕಾದರೆ ಲೆನ್ಸಿನ ಕಿಂಡಿಯನ್ನು ಚಿಕ್ಕದು ಮಾಡಬೇಕು. ಕಿಂಡಿ ಚಿಕ್ಕದಾದರೆ ಬೆಳಕು ಕಮ್ಮಿ, ಬೆಳಕು ಕಮ್ಮಿಯಾದರೆ ಹೆಚ್ಚು ಹೊತ್ತು ತೆರೆದಿಡಬೇಕು. ‘ಅಲ್ಲಾಡ್ಬೇಡ ಪುಟ್ಟಿ, ಉಸಿರು ಹಿಡ್ಕೊ’ ಎಂದು ಸ್ಟುಡಿಯೊದವರು ಗದರುತ್ತಿದ್ದುದು ಅದಕ್ಕೆ. ಆ ಕಾಲದ ಜಡೆ ಚಿತ್ರಗಳಲ್ಲಿ ಅಷ್ಟೊಂದು ಹುಡುಗಿಯರು ಸಿಟ್ಟು ಮಾಡಿಕೊಂಡಂತೆ ಕಾಣುತ್ತಾರಲ್ಲ, ತಲೆಯ ಮೇಲಿನ ಹೂವಿನ ಭಾರದ ಜೊತೆಗೆ ಇದೂ ಒಂದು ಕಾರಣ.

ಆ ಸ್ಟುಡಿಯೊದವರನ್ನು ಕಲಾವಿದರು ಎಂದು ಯಾರೂ ಕರೆಯಲಿಲ್ಲ. ಅವರಿಗೂ ಹಾಗೆ ಅನ್ನಿಸಿರಲಿಕ್ಕಿಲ್ಲ. ಗಿರಾಕಿಗೆ ಎರಡೂ ಕಾಣಬೇಕು, ಕನ್ನಡಿ ಇಟ್ಟರು. ಇವತ್ತಿನ ಯುವ ಫೋಟೊಗ್ರಾಫರ್‌ಗಳ ಜೊತೆ ಮಾತಿಗೆ ಕೂತರೆ ಸ್ಫೂರ್ತಿ ಎಂದರೆ ಅವರು ಒಂದಿಷ್ಟು ದೊಡ್ಡ ಹೆಸರು ಹೇಳುತ್ತಾರೆ, ಫೋನಿನಲ್ಲಿ ಉಳಿಸಿಕೊಂಡ ಚಿತ್ರ ತೋರಿಸುತ್ತಾರೆ. ಹೊಟ್ಟೆಪಾಡಿನ ಕೆಲಸ ಬೇರೆ, ನನ್ನ ಸ್ವಂತ ಕೆಲಸ ಬೇರೆ ಎಂಬ ಮಾತಂತೂ ಬಂದೇ ಬರುತ್ತದೆ. ನನ್ನ ತಕರಾರು ಇಲ್ಲೇ ಇರುವುದು. ಅವರು ಹೆಸರಿಸುವ ದೊಡ್ಡವರಲ್ಲಿ ಅನೇಕರಿಗೆ ಸ್ವಂತ ಕೆಲಸ ಸಿಕ್ಕಿದ್ದು ಹೊಟ್ಟೆಪಾಡಿನ ಕೆಲಸದ ಒಳಗೇ.

ಬ್ರೂಕ್‌ಫೀಲ್ಡ್‌ನಲ್ಲಿ ಹೊಟ್ಟೆಪಾಡು ಎಂದರೆ ಏನೆಂದು ಮೊದಲು ನೋಡೋಣ. ಪಕ್ಕದ ವೈಟ್‌ಫೀಲ್ಡ್ 1882ರಲ್ಲಿ ಮೈಸೂರು ಅರಸರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ ಎದ್ದ ಊರು. ನೂರು ವರ್ಷ ತೋಟ, ಹೆಂಚಿನ ಮನೆ ಎಂದು ಮಲಗಿದ್ದ ಆ ಸೀಮೆಗೆ 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಅದಕ್ಕೂ ಮಾರತ್ತಹಳ್ಳಿಗೂ ನಡುವೆ ಕುಂದಲಹಳ್ಳಿ, ಚಿನ್ನಪ್ಪನಹಳ್ಳಿ, ತೂಬರಹಳ್ಳಿಗಳ ಹೊಲಗಳು ಲೇಔಟ್ ಆದವು. ಇಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರು, ಬಹಳ ಜನ ಇನ್ನೆಲ್ಲಿಗೋ ಹೊರಟವರು. ಆದ್ದರಿಂದ ಇಲ್ಲಿನ ಫೋಟೊ ಅಂಗಡಿಯ ದಿನದ ಅನ್ನ ವೀಸಾ ಫೋಟೊ. ಪಾಸ್‌ಪೋರ್ಟಿಗೆ ಸೇವಾ ಕೇಂದ್ರದ ಕೌಂಟರಿನಲ್ಲೇ ಚಿತ್ರ ಹಿಡಿಯಲು ಶುರುವಾದ ಮೇಲೆ ಅಂಗಡಿಗಳು ಆ ಆದಾಯ ಕಳೆದುಕೊಂಡವು. ವೀಸಾ ಉಳಿಯಿತು. ಯುರೋಪಿನ ಷೆಂಗೆನ್‌ಗೆ 35 ಗುಣಿಲೆ 45 ಮಿಲಿಮೀಟರ್. ಅಮೆರಿಕಕ್ಕೆ ಎರಡು ಇಂಚಿನ ಚೌಕ, ಗಲ್ಲದಿಂದ ನೆತ್ತಿಯವರೆಗೆ ತಲೆ 25ರಿಂದ 35 ಮಿಲಿಮೀಟರ್ ಒಳಗೆ ಕೂರಬೇಕು, ಬಿಳಿ ಹಿನ್ನೆಲೆ, ನಿರ್ವಿಕಾರ ಮುಖ. 2016ರ ನವೆಂಬರ್‌ನಿಂದ ಕನ್ನಡಕಕ್ಕೂ ನಿಷೇಧ.

ಈ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸ್ಟೂಲಿನ ಮೇಲೆ ಕೂತವರು ಮೊದಲು ಮಾಡುವುದೇ ಗಲ್ಲ ಎತ್ತುವುದು. ಕ್ಯಾಮೆರಾ ಎದುರು ನಮಗೆಲ್ಲ ಅದೊಂದು ಚಾಳಿ. ಎತ್ತಿದ ಕೂಡಲೇ ಮೂಗಿನ ಹೊಳ್ಳೆ ಕಾಣುತ್ತದೆ, ಕಣ್ಣು ಸಣ್ಣದಾಗುತ್ತದೆ. ‘ಸರ್, ಗಲ್ಲ ಸ್ವಲ್ಪ ಕೆಳಗೆ. ಇನ್ನೂ ಸ್ವಲ್ಪ. ಅಷ್ಟು ಬೇಡ.’ ಇದೇ ಮಾತು ಹಿಂದಿಯಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ, ದಿನಕ್ಕೆ ಎಷ್ಟು ಸಲವೋ. ಎಡ ಭುಜ ಇಳಿದಿದೆ ಎಂದು ಹೇಳಿದರೆ ಗಿರಾಕಿ ಬಲ ಭುಜ ಏರಿಸುತ್ತಾರೆ. ಕೂಸಾದರೆ ಅಮ್ಮ ಬಿಳಿ ಬೆಡ್‌ಶೀಟ್ ಹೊದ್ದು ತಾನೇ ಹಿನ್ನೆಲೆಯಾಗಿ ಕೂರುತ್ತಾಳೆ, ಅವಳ ಕೈ ಕಾಣಬಾರದು. ನಗಬೇಡಿ ಎಂದ ತಕ್ಷಣ ಎಲ್ಲರಿಗೂ ನಗು. ನಗು ಹೋದ ಮೇಲೆ ಮುಖದಲ್ಲಿ ಒಂದು ಕ್ಷಣ ಏನೂ ಇರುವುದಿಲ್ಲ, ಅನುಭವಿ ಕೈ ಒತ್ತುವುದು ಆಗಲೇ. ಯಾರ ಮುಖ ಯಾವ ಕಡೆಗೆ ತಿರುಗಿದರೆ ನೇರ ಕಾಣುತ್ತದೆ, ಯಾರ ಜೊತೆ ಏನು ಮಾತಾಡಿದರೆ ಕುತ್ತಿಗೆ ಸಡಿಲವಾಗುತ್ತದೆ ಎಂಬುದು ಈ ಸ್ಟೂಲಿನ ಎದುರು ಎರಡು ವರ್ಷ ನಿಂತವನಿಗೆ ಯಾವ ಕೋರ್ಸೂ ಹೇಳಿಕೊಡದಷ್ಟು ಗೊತ್ತಿರುತ್ತದೆ.

ರಿಚರ್ಡ್ ಅವೆಡನ್ ಕಲಿತದ್ದೂ ಹೀಗೆಯೇ. ಇಪ್ಪತ್ತನೇ ಶತಮಾನದ ಫ್ಯಾಷನ್ ಫೋಟೊಗ್ರಫಿಯ ಅತಿ ದೊಡ್ಡ ಹೆಸರು ಅದು. 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸಿನ ಆನೆಗಳ ನಡುವೆ ಡಿಯೊರ್ ಗೌನು ತೊಡಿಸಿ ಡೊವಿಮಾ ಎಂಬ ರೂಪದರ್ಶಿಯನ್ನು ನಿಲ್ಲಿಸಿದ ಚಿತ್ರ ಅವರದು. ಅದಕ್ಕೂ ಮೊದಲು, 1942ರಿಂದ ಎರಡು ವರ್ಷ, ಅವರು ಅಮೆರಿಕದ ಮರ್ಚೆಂಟ್ ಮರೀನ್‌ನಲ್ಲಿ ನಾವಿಕರ ಗುರುತಿನ ಚೀಟಿಗೆ ಫೋಟೊ ತೆಗೆಯುವ ನೌಕರಿಯಲ್ಲಿದ್ದರು. ಸಾಲಾಗಿ ನಿಂತ ಹುಡುಗರು, ಬಿಳಿ ಗೋಡೆ, ಮುಂದಿನವರು ಬನ್ನಿ. ದಶಕಗಳ ನಂತರ, 1979ರಿಂದ 84ರವರೆಗೆ, ಟೆಕ್ಸಸ್‌ನ ಏಮನ್ ಕಾರ್ಟರ್ ವಸ್ತುಸಂಗ್ರಹಾಲಯ ಒಪ್ಪಿಸಿದ ಕೆಲಸಕ್ಕೆ ಪಶ್ಚಿಮ ಅಮೆರಿಕ ಸುತ್ತಿದರು. ಗಣಿ ಕಾರ್ಮಿಕರು, ಹೋಟೆಲ್ ಪರಿಚಾರಿಕೆಯರು, ಅಲೆಮಾರಿಗಳು. ನೆರಳಿನಲ್ಲಿ ಒಂದು ಬಿಳಿ ಕಾಗದ ಕಟ್ಟಿ, ಎಂಟು ಇಂಚು ಗುಣಿಲೆ ಹತ್ತು ಇಂಚಿನ ಹಾಳೆ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾದ ಪಕ್ಕದಲ್ಲಿ ನಿಂತು ಚಿತ್ರ ತೆಗೆದರು. ‘ಇನ್ ದ ಅಮೆರಿಕನ್ ವೆಸ್ಟ್’ ಎಂದು ಪ್ರಸಿದ್ಧವಾದ ಆ ಸರಣಿಯನ್ನು ವಿಮರ್ಶಕರು ನಾನಾ ರೀತಿ ವಿವರಿಸಿದ್ದಾರೆ. ನನಗೆ ಕಾಣುವುದು ಗುರುತಿನ ಚೀಟಿಯ ಬಿಳಿ ಗೋಡೆ.

ಅವೆಡನ್ ಜೊತೆ ಜೋಡಿಯಾಗಿ ಬರುವ ಹೆಸರು ಅರ್ವಿಂಗ್ ಪೆನ್. ಅವರ ಕಥೆ ನನಗೆ ಇನ್ನೂ ಇಷ್ಟ. 1948ರ ಕೊನೆಯಲ್ಲಿ ‘ವೋಗ್’ ಪತ್ರಿಕೆಗಾಗಿ ಫ್ಯಾಷನ್ ಚಿತ್ರ ತೆಗೆಯಲು ಪೆರುವಿಗೆ ಹೋಗಿದ್ದರು. ಕೆಲಸ ಮುಗಿಯಿತು, ತಂಡ ವಾಪಸ್ ಹೊರಟಿತು. ಪೆನ್ ಒಬ್ಬರೇ ಬೆಟ್ಟದ ಮೇಲಿನ ಕುಸ್ಕೊ ಪಟ್ಟಣಕ್ಕೆ ಹೋದರು. ಅಲ್ಲೊಂದು ಸ್ಟುಡಿಯೊ, ಪಕ್ಕದಿಂದ ಹಗಲಿನ ಬೆಳಕು, ಕಲ್ಲಿನ ನೆಲ, ಒಂದು ಚಿತ್ತಾರದ ಪರದೆ. ಮಾಲೀಕರಿಂದ ಕ್ರಿಸ್‌ಮಸ್ ಸಮಯಕ್ಕೆ ಅದನ್ನು ಬಾಡಿಗೆಗೆ ಹಿಡಿದರು. ಹಬ್ಬಕ್ಕೆಂದು ಬೆಟ್ಟದ ಹಳ್ಳಿಗಳಿಂದ ಇಳಿದು ಎಂದಿನಂತೆ ಫೋಟೊ ತೆಗೆಸಿಕೊಳ್ಳಲು ಬಂದವರಿಗೆ ಒಳಗೆ ಸಿಕ್ಕಿದ್ದು ಈ ಅಪರಿಚಿತ. ತಮಾಷೆಯೆಂದರೆ ದುಡ್ಡು ತೆಗೆದುಕೊಳ್ಳುವ ಬದಲು ಅವರೇ ಗಿರಾಕಿಗಳಿಗೆ ದುಡ್ಡು ಕೊಟ್ಟರು. ಅಂದರೆ ಜಗತ್ತಿನ ಅತಿ ನಾಜೂಕಿನ ಫ್ಯಾಷನ್ ಫೋಟೊಗ್ರಾಫರ್ ಎಂದು ಹೆಸರಾದವರು ಬಯಸಿದ ಜಾಗ ಒಂದು ಸಣ್ಣ ಊರಿನ ಸ್ಟುಡಿಯೊ. ಚಿಂತಾಮಣಿಯಲ್ಲೋ ಕಡೂರಿನಲ್ಲೋ ಬಸ್‌ಸ್ಟ್ಯಾಂಡ್ ಎದುರು ಇರುತ್ತಿತ್ತಲ್ಲ, ಅಂಥದ್ದು.

ನಮ್ಮಲ್ಲಿ ಆ ಸಣ್ಣ ಸ್ಟುಡಿಯೊಗಳ ಮೇಲೆ ಸಿನಿಮಾದ ನೆರಳು ದಟ್ಟವಾಗಿ ಬಿದ್ದಿತ್ತು. ಮುಖ ಹೇಗೆ ಕಾಣಬೇಕೆಂದು ಗಿರಾಕಿಗೆ ಕಲಿಸಿದ್ದು ಸಿನಿಮಾದ ಸ್ಟಿಲ್. ಡಾ. ರಾಜ್‌ಕುಮಾರ್ ಅವರ ಮುಖ ನಮ್ಮ ಮನಸ್ಸಿನಲ್ಲಿ ನಿಂತಿರುವ ಬಗೆಗೆ ಸಿನಿಮಾ ಎಷ್ಟು ಕಾರಣವೋ ಭವಾನಿ ಲಕ್ಷ್ಮೀನಾರಾಯಣ, ಪ್ರಗತಿ ಅಶ್ವತ್ಥನಾರಾಯಣರಂಥ ಸ್ಥಿರಚಿತ್ರ ಛಾಯಾಗ್ರಾಹಕರೂ ಅಷ್ಟೇ ಕಾರಣ. ಕ್ಯಾಲೆಂಡರು, ಪುಸ್ತಕದ ರಟ್ಟು, ಟೆಂಟಿನ ಹೊರಗಿನ ಗಾಜಿನ ಪೆಟ್ಟಿಗೆ ಎಲ್ಲೆಡೆ ಇದ್ದದ್ದು ಸ್ಟಿಲ್. ಸೆಟ್ಟಿನಲ್ಲಿ ಸ್ಟಿಲ್‌ನವರ ಕೆಲಸ ನಡೆಯುವುದು ನಿರ್ದೇಶಕರು ಶಾಟ್ ಓಕೆ ಎಂದ ಮೇಲಿನ ಅರೆ ನಿಮಿಷದಲ್ಲಿ. ದೀಪ ಆರಿಸುವ ಮೊದಲು ‘ಒಂದು ಸ್ಟಿಲ್ ಸರ್’ ಎಂದು ಕೂಗಿ, ದಣಿದ ನಟರಿಂದ ಆಗಷ್ಟೇ ಮುಗಿದ ಭಾವವನ್ನು ಇನ್ನೊಮ್ಮೆ ಕೇಳಿ ಪಡೆಯಬೇಕು. ಅದರ ಒಂದು ಉಪಯೋಗವಂತೂ ಕಲೆಯದಲ್ಲ. ಮುಂದಿನ ವಾರ ಅದೇ ದೃಶ್ಯ ಮುಂದುವರಿಸುವಾಗ ಕುಂಕುಮ ಎಲ್ಲಿತ್ತು, ಸೆರಗು ಯಾವ ಭುಜದ ಮೇಲಿತ್ತು ಎಂದು ತಾಳೆ ನೋಡಲು ಬೇಕಿತ್ತು.

ಇದೇ ಊರಿನ ಇನ್ನೊಂದು ಕೊಂಡಿ ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ ಅವರ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲೆ ತುಂಬಿದ ಸ್ಟುಡಿಯೊದೊಳಗೆ ಕಂಬದಂತೆ ಇಳಿಯುವ ಬಿಸಿಲುಕೋಲು ಅವರದೇ. ದೊಡ್ಡ ಎರಡು ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿದರು, ಅಷ್ಟೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ದೀಪ ಬಾಡಿಗೆ ತರಲಾಗದ ಹುಡುಗರಿಗೆ ಈ ಕನ್ನಡಿಯ ಕಥೆಯನ್ನು ಹೇಳಬೇಕು. ಬ್ರೂಕ್‌ಫೀಲ್ಡ್‌ನ ಗಾಜಿನ ಕಟ್ಟಡಗಳು ಸಂಜೆ ಐದಕ್ಕೆ ಎದುರು ರಸ್ತೆಯ ಮೇಲೆ ಚೆಲ್ಲುವ ಬೆಳಕನ್ನು ನೋಡಿದಾಗಲೆಲ್ಲ ನನಗೆ ಮೂರ್ತಿಯವರ ನೆನಪು.

ಪತ್ರಿಕೆಯ ಕೆಲಸದಿಂದ ಬಂದವರದು ಇನ್ನೊಂದು ದಾರಿ. ಮೈಸೂರಿನ ಟಿ.ಎಸ್. ಸತ್ಯನ್ 1948ರಲ್ಲಿ ಶುರುವಾದ ‘ಡೆಕ್ಕನ್ ಹೆರಾಲ್ಡ್’ಗೆ ಛಾಯಾಗ್ರಾಹಕರಾಗಿ ಸೇರಿದರು, ಮುಂದೆ ದೆಹಲಿಯಲ್ಲಿ ಬಾಳಿದರು, ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದರು. ಅವರ ಚಿತ್ರಗಳಲ್ಲಿ ಜನ ಕ್ಯಾಮೆರಾಕ್ಕೆ ಬೆದರುವುದಿಲ್ಲ. ಸಂಪಾದಕರು ಕೊಟ್ಟ ಅರ್ಧ ಗಂಟೆಯಲ್ಲಿ ಎದುರಿನವರ ವಿಶ್ವಾಸ ಗಳಿಸಬೇಕಾದವರ ಅಭ್ಯಾಸ ಅದು. ಕನ್ನಡ ಸಾಹಿತಿಗಳ ಮುಖಗಳನ್ನು ನಮಗೆ ಕೊಟ್ಟ ಕೆ.ಜಿ. ಸೋಮಶೇಖರ್ ಮತ್ತು ಎ.ಎನ್. ಮುಕುಂದ ಅವರದಂತೂ ಯಾರೂ ಕೂಲಿ ಕೊಡದಿದ್ದರೂ ಹಿಡಿದ ಹಟ. ಮುಕುಂದರ ‘ಮುಖಮುದ್ರೆ’ಯನ್ನು ನೋಡಿದವರಿಗೆ ಗೊತ್ತು, ಅಲ್ಲಿ ಲೇಖಕರು ಲೇಖಕರಂತೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದು ಕಡಿಮೆ. ಪೆನ್ನು ಹಿಡಿದು ದೂರ ದಿಟ್ಟಿಸುವ ಭಂಗಿಯನ್ನು ನಾನಂತೂ ಸಹಿಸಲಾರೆ.

ಮದುವೆಯ ಕೆಲಸ ಮಾತ್ರ ಕಲೆಯನ್ನು ಕೊಲ್ಲುತ್ತದೆ ಎನ್ನುವವರಿದ್ದಾರೆ. ಬೆಂಗಳೂರಿನ ಮಹೇಶ್ ಶಾಂತಾರಾಮ್ ಅದಕ್ಕೆ ಉತ್ತರ. ದುಬಾರಿ ಮದುವೆಗಳ ಫೋಟೊಗ್ರಾಫರ್ ಆಗಿ ದೇಶ ತಿರುಗುತ್ತಲೇ ಅವರು ಆಲ್ಬಮ್ಮಿಗೆ ಸೇರದ ಚಿತ್ರಗಳನ್ನೂ ತೆಗೆಯುತ್ತಿದ್ದರು. ಬಾಡಿಗೆ ಸಿಂಹಾಸನ, ನಿದ್ದೆಗೆಟ್ಟ ಬಡಿಸುವವರು, ರಾತ್ರಿ ಎರಡಕ್ಕೆ ಖಾಲಿ ಶಾಮಿಯಾನದಡಿ ಉರಿಯುವ ಬಣ್ಣದ ದೀಪ. ಅದು ‘ಮೇಟ್ರಿಮೇನಿಯಾ’ ಎಂಬ ಸರಣಿಯಾಯಿತು. 2016ರ ಜನವರಿ ಕೊನೆಯಲ್ಲಿ ನಗರದ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿದ ಮೇಲೆ, ಭಾರತದ ಊರುಗಳಲ್ಲಿರುವ ಆಫ್ರಿಕನ್ನರನ್ನು ಅವರ ಕೋಣೆಗಳಲ್ಲೇ ಭೇಟಿಯಾಗಿ ‘ದ ಆಫ್ರಿಕನ್ ಪೋರ್ಟ್ರೇಟ್ಸ್’ ಮಾಡಿದರು. ಹೊಸಬರ ಮನೆಗೆ ಹೊಕ್ಕು ಗಂಟೆಯೊಳಗೆ ಅವರ ನಡುವೆ ಒಬ್ಬರಾಗುವುದು ಮದುವೆ ಫೋಟೊಗ್ರಾಫರ್‌ಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

ಕಾಪ್ ಶಿವ ಅವರದು ಇನ್ನೂ ವಿಚಿತ್ರ. ರಾಮನಗರ ಸೀಮೆಯ ಬನ್ನಿಕುಪ್ಪೆಯವರು, ಬೆಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದವರು. ಶಾಂತಿ ರಸ್ತೆಯ ಒಂದನೇ ನಂಬರಿನ ಕಲಾಕೇಂದ್ರದ ಒಡನಾಟದಲ್ಲಿ ಕ್ಯಾಮೆರಾ ಹಿಡಿದರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ಊರೂರು ತಿರುಗುವ ಶಾಲಾ ಮಾಸ್ತರು ಬಾಗಡೆಹಳ್ಳಿ ಬಸವರಾಜು ಅವರನ್ನು ಹಿಂಬಾಲಿಸಿ ‘ಬೀಯಿಂಗ್ ಗಾಂಧಿ’ ಸರಣಿ ಮಾಡಿದರು. ಎಂಜಿಆರ್ ವೇಷದಲ್ಲೇ ಬದುಕುವ ಅಭಿಮಾನಿಯೊಬ್ಬರನ್ನೂ ಹಾಗೆಯೇ ಹಿಡಿದರು. ವೇಷದ ಬಗ್ಗೆ ಇಷ್ಟು ಮಮತೆ ಎಲ್ಲಿಂದ ಬಂತೆಂದು ಯೋಚಿಸಿದರೆ, ದಿನಾ ಬೆಳಿಗ್ಗೆ ಖಾಕಿ ತೊಟ್ಟ ಕೂಡಲೇ ರಸ್ತೆಯಲ್ಲಿ ಜನ ತನ್ನನ್ನು ನೋಡುವ ರೀತಿ ಬದಲಾಗುವುದನ್ನು ಕಂಡವರು ಅವರು ಎಂಬುದು ಹೊಳೆಯುತ್ತದೆ. ಇದು ನನ್ನ ಊಹೆ. ಅವರ ಚಿತ್ರ ನೋಡಿದರೆ ನಿಮಗೂ ಅನ್ನಿಸಬಹುದು.

ಸ್ಟುಡಿಯೊದ ಈ ಇಡೀ ಪರಂಪರೆಯನ್ನೇ ಕೈಗೆತ್ತಿಕೊಂಡು ಮಗುಚಿ ನೋಡಿದವರು ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪ ಕಲಿತವರು, ಕ್ಯಾಮೆರಾದ ಎದುರು ತಾವೇ ನಿಂತರು. ಹಿಂದಿ ತಾರೆಯರ ಭಾವಚಿತ್ರಗಳಿಗೆ ಹೆಸರಾದ ಮುಂಬಯಿಯ ಹಿರಿಯ ಛಾಯಾಗ್ರಾಹಕ ಜೆ.ಎಚ್. ಠಕ್ಕರ್ ಅವರಿಂದಲೇ ಹಳೆಯ ನೆರಳು ಬೆಳಕಿನಲ್ಲಿ ಚಿತ್ರ ತೆಗೆಸಿಕೊಂಡು ‘ಬಾಂಬೆ ಫೋಟೊ ಸ್ಟುಡಿಯೊ’ ಮಾಡಿದರು. ಅದೇ ಸುಮಾರಿಗೆ, 2000ದಿಂದ 2004ರವರೆಗೆ, ಬೆಂಗಳೂರಿನಲ್ಲೇ ನೆಲೆಸಿದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ, ದಕ್ಷಿಣ ಭಾರತದ ಹೆಂಗಸರನ್ನು ಚಿತ್ರಗಳು ಹೇಗೆ ತೋರಿಸಿವೆ ಎಂದು ಒಂದೊಂದಾಗಿ ತಾವೇ ಆಗಿ ನಿಂತರು. ರವಿವರ್ಮನ ಲಕ್ಷ್ಮಿ, ಪತ್ರಿಕೆಯಲ್ಲಿ ಬಂದ ಕಳ್ಳಿಯರ ಫೋಟೊ, ಬ್ರಿಟಿಷರು ಬುಡಕಟ್ಟಿನವರ ಮೈ ಅಳೆಯಲು ಹಿಂದೆ ಇಳಿಬಿಡುತ್ತಿದ್ದ ಚೌಕಳಿ ಪರದೆಯ ಮುಂದೆ ನಿಂತ ತೋಡ ಹೆಂಗಸು. ಲಕ್ಷ್ಮಿಯ ಎದುರು ನಿಂತಾಗ ಬರುವ ನಗು ಚೌಕಳಿ ಪರದೆಯ ಎದುರು ಬರುವುದಿಲ್ಲ. ವೀಸಾದ ಅಳತೆಪಟ್ಟಿಯೂ ಆ ಚೌಕಳಿಯೂ ದೂರದ ನೆಂಟರೇ ಸರಿ.

ಅಳತೆಯ ಮಾತು ಬಂದದ್ದಕ್ಕೆ ಬಣ್ಣದ ಮಾತನ್ನೂ ಆಡಬೇಕು. ಕೊಡಾಕ್ ಕಂಪನಿ 1950ರ ದಶಕದಿಂದ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಕಳಿಸುತ್ತಿದ್ದ ಮಾದರಿ ಚಿತ್ರದಲ್ಲಿ ಇದ್ದದ್ದು ಬಿಳಿಯ ಹೆಂಗಸು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರು. ಆ ಚರ್ಮ ಸರಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ನಮ್ಮ ಎಣ್ಣೆಗೆಂಪು, ಕಪ್ಪು ಮುಖಗಳು ಬೂದಿ ಬಳಿದಂತೆ ಬಂದರೆ ದೂರು ಕೇಳುವವರಿರಲಿಲ್ಲ. ಮರದ ಪೀಠೋಪಕರಣ ಮತ್ತು ಚಾಕೊಲೇಟ್ ಮಾರುವವರು ತಮ್ಮ ಸರಕಿನ ಕಂದು ಬಣ್ಣ ಸರಿ ಬರುತ್ತಿಲ್ಲವೆಂದು ತಕರಾರು ತೆಗೆದ ಮೇಲೆ ಫಿಲ್ಮ್ ಸುಧಾರಿಸಿತೆಂದು ಹೇಳುತ್ತಾರೆ. ನಮ್ಮ ಸ್ಟುಡಿಯೊಗಳ ಪಾಪ ಬೇರೆಯೇ. ಕಪ್ಪು ಬಿಳುಪಿನ ಕಾಲದಲ್ಲೇ ಚೂಪು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ತಿದ್ದಿ ಮುಖ ಬೆಳ್ಳಗೆ ಮಾಡುವ ಕಲೆ ಇತ್ತು. ನೆಗೆಟಿವ್‌ನಲ್ಲಿ ಎಲ್ಲಿ ಗೀಚುತ್ತೀರೋ ಅಲ್ಲಿ ಮುದ್ರಣದಲ್ಲಿ ಬಿಳುಪು. ಹುಡುಗಿ ನೋಡಲು ಬರುವವರಿಗೆ ಕಳಿಸುವ ಫೋಟೊಗೆ ಗೀಚು ಹೆಚ್ಚು. ಈಗ ಪೆನ್ಸಿಲ್ಲಿನ ಬದಲು ಮೌಸ್. ಮುಖ ಬೆಳ್ಳಗೆ ಮಾಡುವ ಕ್ರೀಮಿನ ಡಬ್ಬಿ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಅನ್ನು ತೆಗೆದುಹಾಕಿತು, ಆದರೆ ‘ಸ್ವಲ್ಪ ಬ್ರೈಟ್ ಮಾಡಿ ಸರ್’ ಎನ್ನುವ ಕೋರಿಕೆ ಕೌಂಟರಿನಿಂದ ಹೋಗಿಲ್ಲ. ಆ ಕೋರಿಕೆಗೆ ಫೋಟೊಗ್ರಾಫರ್ ಏನು ಮಾಡುತ್ತಾರೆಂಬುದು ಅವರ ಕಲೆಯ ಬಗ್ಗೆ ಯಾವ ಪ್ರದರ್ಶನಕ್ಕಿಂತ ಹೆಚ್ಚು ಹೇಳುತ್ತದೆ ಎಂದು ನನ್ನ ನಂಬಿಕೆ.

ಕೌಂಟರಿನಲ್ಲಿ ಕೇಳಿಬರುವ ಇನ್ನೊಂದು ದೂರು, ಮೂಗಿನದು, ಮಾತ್ರ ನ್ಯಾಯವಾದದ್ದು. ಸೆಲ್ಫಿಯಲ್ಲಿ ಮೂಗು ದಪ್ಪ ಕಾಣುವುದು ನಿಜ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ, ಐದು ಅಡಿ ದೂರದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿಯ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಹೆಚ್ಚು ಅಗಲವಾಗಿ ಕಾಣುತ್ತದೆಂದು ತೋರಿಸಿದರು. ಭಾವಚಿತ್ರಕ್ಕೆ 85 ಮಿಲಿಮೀಟರ್ ಲೆನ್ಸ್ ಒಳ್ಳೆಯದು ಎನ್ನುವುದರ ಗುಟ್ಟೂ ಅದೇ. ಲೆನ್ಸಿನಲ್ಲಿ ಮಾಯೆಯೇನಿಲ್ಲ, ಅದನ್ನು ಹಾಕಿದರೆ ಫೋಟೊಗ್ರಾಫರ್ ತಾವಾಗಿಯೇ ಆರೇಳು ಅಡಿ ಹಿಂದೆ ಸರಿಯಬೇಕಾಗುತ್ತದೆ.

ಮತ್ತೆ ಬ್ರೂಕ್‌ಫೀಲ್ಡ್‌ಗೆ ಬಂದರೆ, ಈ ಸೀಮೆಯ ಫ್ಯಾಷನ್ ಕೆಲಸದಲ್ಲಿ ಬಹುಪಾಲು ಕ್ಯಾಟಲಾಗ್. ಮಾರತ್ತಹಳ್ಳಿ ಒಂದು ಕಾಲಕ್ಕೆ ಫ್ಯಾಕ್ಟರಿ ಔಟ್‌ಲೆಟ್‌ಗಳ ರಸ್ತೆ. ಅಂಗಡಿಗಳು ಫೋನಿನೊಳಗೆ ಹೋದ ಮೇಲೆ ಪ್ರತಿ ಕುರ್ತಾಕ್ಕೂ ಎದುರು, ಹಿಂದೆ, ಪಕ್ಕ, ಕಾಲರಿನ ಹತ್ತಿರದ ಚಿತ್ರ ಬೇಕಾಯಿತು. ಇಸ್ತ್ರಿಯ ಹಬೆ ಆಡುವ ಗೋಡೌನಿನಂಥ ಹಾಲ್, ನೆಲಕ್ಕೂ ಗೋಡೆಗೂ ಅಂಚಿಲ್ಲದಂತೆ ಬಾಗಿಸಿ ಬಿಳಿ ಬಳಿದ ಹಿನ್ನೆಲೆ. ಮೆಟ್ರೊ ಕುಂದಲಹಳ್ಳಿಗೆ ಬಂದ 2023ರ ನಂತರ ಮಾಡೆಲ್‌ಗಳು, ಮೇಕಪ್‌ನವರು ಟ್ರಾಲಿ ಎಳೆದುಕೊಂಡು ಆ ಕಡೆ ಈ ಕಡೆ ಓಡಾಡುವುದು ಸುಲಭವಾಗಿದೆ. ಒಂದು ದಿನಕ್ಕೆ ಹತ್ತಾರು ಉಡುಪು ಬದಲಿಸುವ ಮಾಡೆಲ್ ಎದುರಿನಿಂದ ಅರಸಿಯಂತೆ ಕಂಡರೂ ಬೆನ್ನ ಕಡೆ ಹೋಗಿ ನೋಡಿದರೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳ ಸಾಲು. ಅಳತೆ ದೊಡ್ಡದಾದ ಬಟ್ಟೆಯನ್ನು ಹಿಂದೆ ಬಿಗಿದು ಹಿಡಿದಿರುತ್ತಾರೆ. ಬೇಸರದ ಕೆಲಸ, ಸಂಬಳವೂ ಅಂಥದ್ದೇನಿಲ್ಲ. ಆದರೆ ಹತ್ತಿ ಬೆಳಕನ್ನು ಹೀರುವ ರೀತಿ, ರೇಷ್ಮೆ ಅದನ್ನು ವಾಪಸ್ ಎಸೆಯುವ ರೀತಿ, ಕಪ್ಪು ಬಟ್ಟೆಯ ನೆರಿಗೆ ಕಾಣಲು ದೀಪ ಪಕ್ಕದಿಂದಲೇ ಬರಬೇಕೆಂಬುದು ಎಲ್ಲ ಕೈಗೆ ಹತ್ತುವುದು ಇಲ್ಲಿ. ಇಳಕಲ್ ಸೀರೆಯ ಟೋಪ ತೆನೆ ಸೆರಗಿನ ಕೆಂಪು ರೇಷ್ಮೆ ಹೊತ್ತಿ ಉರಿದಂತೆ ಬರದೆ, ನೂಲಿನ ಏರಿಳಿತ ಕಾಣುವಂತೆ ತೆಗೆಯಬಲ್ಲವರು ಕ್ಯಾಟಲಾಗ್ ಹಾಲಿನಿಂದ ಬಂದವರೇ.

ಈಗ ಆ ಹಾಲಿಗೇ ಕುತ್ತು ಬಂದಿದೆ. 2023ರ ಮಾರ್ಚ್‌ನಲ್ಲಿ ಲಿವೈಸ್ ಕಂಪನಿ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ ಮಾಡೆಲ್‌ಗಳನ್ನು ಪ್ರಯೋಗಿಸುವುದಾಗಿ ಹೇಳಿ ಬೈಸಿಕೊಂಡಿತು. 2025ರಲ್ಲಿ ಎಚ್ ಅಂಡ್ ಎಂ ಮೂವತ್ತು ಮಾಡೆಲ್‌ಗಳ ಡಿಜಿಟಲ್ ಅವಳಿ ತಯಾರಿಸುವುದಾಗಿ ಪ್ರಕಟಿಸಿತು. ಆ ಅವಳಿಯ ಹಕ್ಕು ಮಾಡೆಲ್‌ಗಳದೇ ಎಂದೂ ಹೇಳಿತು. ಕ್ಲಿಪ್ ಹಾಕುವವರ, ಇಸ್ತ್ರಿಯವರ, ದೀಪ ಹಿಡಿಯುವ ಹುಡುಗರ ಬಗ್ಗೆ ಆ ಪ್ರಕಟಣೆಗಳಲ್ಲಿ ಮಾತಿಲ್ಲ. ಬಟ್ಟೆಯನ್ನು ನೆಲದ ಮೇಲೆ ಹರಡಿ ಒಂದು ಫೋಟೊ ತೆಗೆದರೆ ಸಾಕು, ಉಳಿದದ್ದನ್ನು ಯಂತ್ರ ತೊಡಿಸಿ ತೋರಿಸುತ್ತದೆ ಎಂದು ಸಾಫ್ಟ್‌ವೇರ್ ಮಾರುವ ಕಂಪನಿಗಳು ಇದೇ ಐಟಿ ಸೀಮೆಯ ಗಿರಾಕಿಗಳ ಬಾಗಿಲು ಬಡಿಯುತ್ತಿವೆ. ಫೋಟೊಗ್ರಾಫರ್‌ಗೆ ಕ್ಯಾಟಲಾಗ್ ಹೋದರೆ ಹೋಗುವುದು ಬರೀ ಬಾಡಿಗೆಯ ದುಡ್ಡಲ್ಲ, ಬಟ್ಟೆಯ ಪಾಠ ಕಲಿಯುವ ಜಾಗವೂ ಹೋಗುತ್ತದೆ. ಇದಕ್ಕೆ ಬದಲಾಗಿ ಏನು ಬರುತ್ತದೆಂದು ಯಾರನ್ನು ಕೇಳಿದರೂ ಭುಜ ಕುಣಿಸುತ್ತಾರೆ.

ಸದ್ಯಕ್ಕೆ ಯಂತ್ರಕ್ಕೆ ಬಾಗಿಲು ಹಾಕಿರುವವರು ಕಲಾವಿದರಲ್ಲ, ರಾಯಭಾರ ಕಚೇರಿಗಳು. ಅಮೆರಿಕದ ವೀಸಾ ನಿಯಮದ ಪ್ರಕಾರ ಮುಖದ ರೂಪ ಬದಲಾಗುವಂತೆ ಕಂಪ್ಯೂಟರಿನಲ್ಲಿ ತಿದ್ದಿದ ಚಿತ್ರ ನಡೆಯುವುದಿಲ್ಲ. ಬ್ರೈಟ್ ಮಾಡುವುದು, ಕಲೆ ಅಳಿಸುವುದು, ಮೂಗು ಸಣ್ಣ ಮಾಡುವುದು ಯಾವುದೂ ಇಲ್ಲ. ಹಾಗಾಗಿ ಕುಂದಲಹಳ್ಳಿ ಗೇಟಿನ ಸುತ್ತಮುತ್ತಲಿನ ಅಂಗಡಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮಾಲೀಕರು ಮೊದಲು ಕೊಡುವುದು ಇನ್ನೂ ಇದೇ ಸ್ಟೂಲು, ಇದೇ ಬಿಳಿ ಪರದೆ. ಗೌನು ಎಸೆಯುವ ಶೂಟ್‌ಗಳಿಗೆ ಅವನನ್ನು ಕರೆದುಕೊಂಡು ಹೋಗಲು ಇನ್ನೂ ಆರು ತಿಂಗಳು ಬೇಕು.